ಚಿತ್ರದ ಹಿಂಬದಿ

41 ಕೆಜಿ ಇತ್ತು. ಕೆಜಿಗೆ 9 ರೂಪಾಯಿ ಅಂತ ಮಾತಾಗಿತ್ತು. 369 ಆಗುತ್ತೆ ಅಂತ ನಾನೇ ಮೊಬೈಲಲ್ಲಿ ಲೆಕ್ಕ ಹಾಕಿ ಹೇಳಿದೆ. ರದ್ದಿಯವನು ದೊಡ್ಡ ಮನಸ್ಸು ಮಾಡಿ 370 ಕೊಟ್ಟ. ಆ ದುಡ್ಡಲ್ಲಿ ನಾನೂ ನನ್ನ ಗೆಳೆಯನೂ ಬಸ್ ಸ್ಟ್ಯಾಂಡ್ ಹತ್ತಿರ ಮೆಣಸಿನಕಾಯಿ ಬಜ್ಜಿ ತಿಂದು ಟೀ ಕುಡಿದೆವು. ಉಳಿದಿದ್ದನ್ನು ಅವನು ಜೇಬಿಗೆ ಹಾಕ್ಕೊಂಡ.

ಗೆಳೆಯನ ಅಪ್ಪ ನಮಗೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಆಯಿಲ್ ಪೇಂಟ್ ವಾಸನೆ ಬರುತ್ತಿದ್ದ ಮನೆ ಅದೊಂದೇ. ತೇರು, ದನದ ಜಾತ್ರೆ, ತೆಂಗಿನ ತೋಟ, ಇವನ್ನೇ ಬರೆಯುತ್ತಿದ್ದರು. ಆದರೆ ಕ್ಯಾಲೆಂಡರ್ ಚಿತ್ರದ ಥರ ಅಲ್ಲ. ಹತ್ತಿರ ಹೋದರೆ ಬರೀ ಬಣ್ಣದ ತುಂಡುಗಳು ಕಾಣೋವು, ನಾಲ್ಕು ಹೆಜ್ಜೆ ಹಿಂದೆ ಬಂದರೆ ತೇರಿನ ಗಾಲಿ. ಊರಲ್ಲಿ ಯಾರೂ ಅದನ್ನು ಚಿತ್ರ ಅಂತ ಒಪ್ಪಿರಲಿಲ್ಲ. ಬೆಂಗಳೂರಿನ ಒಂದು ಸಣ್ಣ ಗ್ಯಾಲರಿಯವರು ಒಪ್ಪಿದ್ದರು, ವರ್ಷಕ್ಕೆ ಒಂದೋ ಎರಡೋ ಮಾರಿಕೊಡುತ್ತಿದ್ದರು. ಆ ಗ್ಯಾಲರಿ ಮುಚ್ಚಿ ಯಾವುದೋ ಕಾಲವಾಯಿತು.

ಮೇಷ್ಟ್ರು ತೀರಿಕೊಂಡ ಮೇಲೆ ಮನೆ ರಿಪೇರಿಗೆ ತೆಗೆದರು. ಯುಗಾದಿಗೆ ಊರಿಗೆ ಹೋಗಿದ್ದ ನನ್ನನ್ನು ಗೆಳೆಯ ಕರೆದ. ಅಟ್ಟದ ಮೇಲೆ ಎರಡು ಟ್ರಂಕು. ಒಳಗೆ ಬಿಲ್ ಬುಕ್ಕು, ಇನ್‌ಲ್ಯಾಂಡ್ ಲೆಟರು, ಎಕ್ಸಿಬಿಷನ್ನಿನ ಇನ್ವಿಟೇಷನ್ ಕಾರ್ಡು, ಬಣ್ಣದ ಅಂಗಡಿಯ ಚೀಟಿ, ಕೆಂಪು ಬಟ್ಟೆಯ ರಟ್ಟಿನ ಲೆಕ್ಕದ ಪುಸ್ತಕಗಳು. ಒಂದನ್ನು ತೆರೆದು ನೋಡಿದ್ದು ನೆನಪಿದೆ. ಹಾಲಿನ ಲೆಕ್ಕದ ಕೆಳಗೆ ಯಾವುದೋ ಚಿತ್ರ ಯಾರಿಗೋ ಕೊಟ್ಟ ಲೆಕ್ಕ, ಅದರ ಕೆಳಗೆ ಮತ್ತೆ ಹಾಲು. ಕೆಳಗಿನ ಟ್ರಂಕಿಗೆ ಗೆದ್ದಲು ಹಿಡಿದಿತ್ತು. ಅಡುಗೆಮನೆಯಿಂದ ಮೇಷ್ಟ್ರ ಹೆಂಡತಿ, ನಾವು ಅಮ್ಮಾವ್ರು ಅಂತೀವಿ, ಕೂಗಿ ಹೇಳಿದರು: "ಅದ್ರಲ್ಲಿ ಅವ್ರ ಲೆಕ್ಕದ ಬುಕ್ ಐತೆ, ನೋಡ್ಕಳ್ರಪ್ಪ."

"ಎಲ್ಲಾ ಫೋಟೋ ತೆಕ್ಕೊಂಡಿದೀನಿ ಅಮ್ಮಾವ್ರೆ" ಅಂದೆ.

ಫೋಟೋ ತೆಗೆದಿದ್ದು ನಿಜ. ಮನೆಯಲ್ಲಿದ್ದ 23 ಚಿತ್ರಗಳನ್ನೂ ಹಿತ್ತಲ ಬೆಳಕಿಗೆ ತಂದು, ಒಂದೊಂದನ್ನೂ ನೇರ ನಿಲ್ಲಿಸಿ, ನೆರಳು ಬೀಳದ ಹಾಗೆ ತೆಗೆದಿದ್ದೆ. ಡ್ರೈವ್‌ಗೆ ಹಾಕಿ ಗೆಳೆಯನಿಗೆ ಲಿಂಕ್ ಕೂಡ ಕಳಿಸಿದೆ. ಮೇಷ್ಟ್ರನ್ನು ಉಳಿಸಿದೆ ಅಂತ ಒಳಗೊಳಗೇ ಹೆಮ್ಮೆ. ಒಂದು ಚಿತ್ರವನ್ನೂ ತಿರುಗಿಸಿ ಹಿಂಬದಿ ನೋಡಿರಲಿಲ್ಲ. ಟ್ರಂಕಿನ ಕಾಗದವನ್ನು ಟಿವಿಎಸ್‌ನವನ ತಕ್ಕಡಿಗೆ ಹಾಕಿದವನೂ ನಾನೇ.

ಇದು ಎಂಥ ಕೆಲಸ ಅಂತ ಗೊತ್ತಾಗೋಕೆ ಎರಡು ವರ್ಷ ಹಿಡಿಯಿತು. ಗೊತ್ತಾಗಿದ್ದೂ ಕಲೆಯ ದಾರಿಯಲ್ಲಲ್ಲ. ಆಫೀಸಿನಲ್ಲಿ ಗಲೀಜು ಡೇಟಾ ಕ್ಲೀನ್ ಮಾಡುವ ಒಂದು ಟೂಲ್ ಬರೆಯುತ್ತಿದ್ದೆವು. ಅದನ್ನು ಪರೀಕ್ಷೆ ಮಾಡಲು ಚೆನ್ನಾಗಿ ಗಲೀಜಾಗಿರೋ, ಯಾರು ಬೇಕಾದರೂ ಬಳಸಬಹುದಾದ ಒಂದು ಡೇಟಾಸೆಟ್ ಬೇಕಿತ್ತು. ಒಂದೇ ಹೆಸರು ಹತ್ತು ಥರ ಬರೆದಿರಬೇಕು, ತಾರೀಖು ಅರ್ಧಂಬರ್ಧ ಇರಬೇಕು. ಹುಡುಕುತ್ತಾ ಹೋದವನಿಗೆ ಗಿಟ್‌ಹಬ್‌ನಲ್ಲಿ ಸಿಕ್ಕಿದ್ದು ಗೆಟ್ಟಿ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಹಾಕಿದ್ದ ಒಂದು ಸಿಎಸ್‌ವಿ ಫೈಲು. ನ್ಯೂಯಾರ್ಕಿನ ನೋಡ್ಲರ್ ಅನ್ನೋ ಗ್ಯಾಲರಿಯ ಸ್ಟಾಕ್ ಬುಕ್‌ಗಳನ್ನು ಸಾಲು ಸಾಲಾಗಿ ಟೈಪ್ ಮಾಡಿಟ್ಟಿದ್ದು. ಹನ್ನೊಂದು ಪುಸ್ತಕ, 1872ರಿಂದ 1970ರವರೆಗೆ, 40,000ಕ್ಕೂ ಹೆಚ್ಚು ಸಾಲು.

ಒಂದೊಂದು ಸಾಲಲ್ಲೂ ಒಂದು ಚಿತ್ರದ ಜಾತಕ. ಸ್ಟಾಕ್ ನಂಬರು, ಬರೆದವರು, ಹೆಸರು, ಅಳತೆ, ಯಾರಿಂದ ಯಾವತ್ತು ಕೊಂಡಿದ್ದು, ಎಷ್ಟಕ್ಕೆ, ಯಾರಿಗೆ ಯಾವತ್ತು ಮಾರಿದ್ದು, ಎಷ್ಟಕ್ಕೆ. ಹಿಂದಿನ ಡೀಲರುಗಳಿಗೆ ಕೊಂಡ ಬೆಲೆಯನ್ನು ಗುಪ್ತ ಅಕ್ಷರಗಳಲ್ಲಿ ಬರೆಯುವ ರೂಢಿಯಿತ್ತಂತೆ, ಗಿರಾಕಿ ಬಗ್ಗಿ ನೋಡಿದರೂ ತಿಳಿಯಬಾರದು ಅಂತ. ನಮ್ಮ ಸಂತೆಯ ಬಟ್ಟೆ ಅಂಗಡಿಯ ಶೆಟ್ಟರು ಸೀರೆಯ ಚೀಟಿಯ ಮೇಲೆ ನಾಲ್ಕು ಅಕ್ಷರ ಗೀಚುತ್ತಿದ್ದದ್ದು ನೆನಪಾಯಿತು. ವ್ಯಾಪಾರ ಎಲ್ಲಾ ಕಡೆ ವ್ಯಾಪಾರವೇ.

ಟೂಲ್ ಕೆಲಸ ಎರಡು ದಿನಕ್ಕೆ ಮುಗಿಯಿತು. ನಾನು ಮಾತ್ರ ಆ ಫೈಲ್ ಮುಚ್ಚಲಿಲ್ಲ. ರಾತ್ರಿ ಊಟ ಆದಮೇಲೆ ತೆರೆದು ಸುಮ್ಮನೆ ಕೆಳಗೆ ಇಳಿಯುತ್ತಿದ್ದೆ. ನೂರು ವರ್ಷ ಯಾರೋ ಗುಮಾಸ್ತರು, ಒಬ್ಬರಾದ ಮೇಲೆ ಒಬ್ಬರು, ದಿನಾ ಕೂತು ಬರೆದಿದ್ದಾರೆ. ಅವರಲ್ಲಿ ಯಾರಿಗೂ ಇದು ಇತಿಹಾಸ ಆಗುತ್ತೆ ಅನ್ನಿಸಿರಲಿಕ್ಕಿಲ್ಲ. ಸಾಯಂಕಾಲದ ಹೊತ್ತಿಗೆ ಲೆಕ್ಕ ತಾಳೆ ಆದರೆ ಸಾಕಿತ್ತು ಅವರಿಗೆ.

ಈ ಫೈಲು ನನ್ನ ಕೈಗೆ ಬಂದ ದಾರಿ ಮಾತ್ರ ವಿಚಿತ್ರ. ನೋಡ್ಲರ್ 1846ರಲ್ಲಿ ಶುರುವಾದ ಗ್ಯಾಲರಿ. ಅಮೆರಿಕದಲ್ಲಿ ಸಿವಿಲ್ ವಾರ್ ಆಗೋಕೂ ಮುಂಚೆ ಇದ್ದ ಅಂಗಡಿ. 2011ರ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. 1971ರವರೆಗಿನ ಅದರ ದಾಖಲೆಗಳನ್ನು ಮರುವರ್ಷ ಗೆಟ್ಟಿಯವರು ಕೊಂಡುಕೊಂಡರು. ಅಂಗಡಿ ಮುಚ್ಚಿದ್ದು ಯಾಕೆ ಅಂದರೆ, ಗ್ಲಾಫಿರಾ ರೋಸಾಲೆಸ್ ಅನ್ನೋ ಒಬ್ಬ ಮಹಿಳೆ 1990ರ ದಶಕದಿಂದ ಶುರುಮಾಡಿ ಇವರಿಗೆ ಒಂದಾದ ಮೇಲೊಂದು ಚಿತ್ರ ತಂದುಕೊಟ್ಟಿದ್ದಳು. ಜಾಕ್ಸನ್ ಪೊಲಾಕ್, ಮಾರ್ಕ್ ರಾಥ್ಕೊ, ಎಲ್ಲಾ ದೊಡ್ಡ ಹೆಸರು. ಎಲ್ಲವನ್ನೂ ಬರೆದದ್ದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಪೇ-ಶೆನ್ ಚಿಯಾನ್ ಎಂಬ ಚೀನೀ ಕಲಾವಿದ. ಅವನಿಗೆ ಸಿಗುತ್ತಿದ್ದದ್ದು ಒಂದು ಚಿತ್ರಕ್ಕೆ ಕೆಲವು ಸಾವಿರ ಡಾಲರ್. ಗಿರಾಕಿಗಳು ಒಟ್ಟಾರೆ ಕಳೆದುಕೊಂಡದ್ದು 80 ಮಿಲಿಯನ್ ಡಾಲರಿಗಿಂತ ಹೆಚ್ಚು. ಒಂದು "ಪೊಲಾಕ್" 17 ಮಿಲಿಯನ್‌ಗೆ ಹೋಗಿತ್ತು. ಪೊಲಾಕ್ ಬದುಕಿದ್ದಾಗ ಮಾರುಕಟ್ಟೆಯಲ್ಲೇ ಇಲ್ಲದ ಬಣ್ಣ ಅದರಲ್ಲಿತ್ತು ಅಂತ ಆಮೇಲೆ ಲ್ಯಾಬ್‌ನವರು ಹೇಳಿದರು. ಇನ್ನೊಂದರ ಸಹಿಯಲ್ಲಿ ಪೊಲಾಕ್ ಹೆಸರಿನ ಸ್ಪೆಲಿಂಗೇ ತಪ್ಪಿತ್ತು.

ಜನ ಇದನ್ನು ನಕಲಿ ಚಿತ್ರದ ಕಥೆ ಅಂತ ಹೇಳ್ತಾರೆ. ನನಗೆ ಕಂಡಿದ್ದು ಕಾಗದ ಇಲ್ಲದ ಕಥೆ. ರೋಸಾಲೆಸ್ ತಂದ ಚಿತ್ರಗಳಿಗೆ ಒಂದು ರಸೀದಿ ಇರಲಿಲ್ಲ, ಒಂದು ಪತ್ರ ಇರಲಿಲ್ಲ, ಹಳೆಯ ಎಕ್ಸಿಬಿಷನ್ನಿನ ಕ್ಯಾಟಲಾಗಿನಲ್ಲಿ ಒಂದು ಸಾಲೂ ಇರಲಿಲ್ಲ. ಇದ್ದದ್ದು ಬರೀ ಬಾಯಿಮಾತು. ಹೆಸರು ಹೇಳಲು ಇಷ್ಟಪಡದ ಒಬ್ಬ ಶ್ರೀಮಂತ, 50ರ ದಶಕದಲ್ಲಿ ಕಲಾವಿದರ ಹತ್ತಿರವೇ ನಗದು ಕೊಟ್ಟು ಕೊಂಡಿದ್ದ, ಈಗ ಅವನ ಮಗ ಮಾರುತ್ತಿದ್ದಾನೆ ಅಂತ. ಆ ಶ್ರೀಮಂತನಿಗೆ ಗ್ಯಾಲರಿಯಲ್ಲಿ "ಮಿಸ್ಟರ್ ಎಕ್ಸ್" ಅಂತಲೇ ಹೆಸರು ಬಿತ್ತು. ಅಂದು ಅವನಿಗೆ ಚಿತ್ರ ಕೊಡಿಸಿದ್ದು ಅಲ್ಫೊನ್ಸೊ ಒಸೊರಿಯೊ ಅನ್ನೋ ಕಲಾವಿದ ಅಂತ ಮೊದಲು ಹೇಳಿದರು. 2003ರಲ್ಲಿ ಇಂಟರ್‌ನ್ಯಾಷನಲ್ ಫೌಂಡೇಶನ್ ಫಾರ್ ಆರ್ಟ್ ರಿಸರ್ಚ್‌ನವರು ಒಂದು ಚಿತ್ರ ಪರೀಕ್ಷಿಸಿ, ಈ ಒಸೊರಿಯೊ ಕಥೆ ನಂಬುವಂತಿಲ್ಲ, ಚಿತ್ರವನ್ನೂ ಪೊಲಾಕ್‌ನದು ಅಂತ ಒಪ್ಪಲ್ಲ ಅಂದರು. ಗ್ಯಾಲರಿ ಆ ಗಿರಾಕಿಗೆ ದುಡ್ಡು ವಾಪಸ್ ಕೊಟ್ಟಿತು. ಆಮೇಲೆ ಕಥೆ ಬದಲಾಯಿತು. ಒಸೊರಿಯೊ ಹೋಗಿ ಆ ಜಾಗಕ್ಕೆ ಡೇವಿಡ್ ಹರ್ಬರ್ಟ್ ಬಂದ. ಅಷ್ಟು ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು, ಎದ್ದು ಬಂದು ಅಲ್ಲ ಅನ್ನುವ ಹಾಗಿರಲಿಲ್ಲ.

ಕಥೆ ಬದಲಾದರೂ ಮಾರಾಟ ನಿಲ್ಲಲಿಲ್ಲ ನೋಡಿ. ನೂರು ವರ್ಷ ಪ್ರತಿ ಚಿತ್ರಕ್ಕೂ ನಂಬರ್ ಹಾಕಿ, ಯಾರಿಂದ ಯಾರಿಗೆ ಅಂತ ಬರೆದಿಟ್ಟ ಅಂಗಡಿಯೇ, ಯಾರಿಂದ ಅನ್ನುವ ಜಾಗದಲ್ಲಿ ಎಕ್ಸ್ ಅಂತ ಇದ್ದ ಚಿತ್ರಗಳನ್ನು ಹದಿನೈದು ವರ್ಷದ ಹತ್ತಿರ ಮಾರಿತು. 2013ರಲ್ಲಿ ರೋಸಾಲೆಸ್ ತಪ್ಪೊಪ್ಪಿಕೊಂಡಳು. ಚಿಯಾನ್ ಚೀನಾಕ್ಕೆ ಹೊರಟುಹೋಗಿದ್ದ. ಗ್ಯಾಲರಿಯವರು ನಮಗೂ ಮೋಸ ಆಗಿದೆ ಅಂದರು. 2016ರಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ಗಿರಾಕಿಯೊಂದಿಗೆ ರಾಜಿಯಾಯಿತು.

ಬೆಂಗಳೂರಲ್ಲಿ ಒಂದು 30/40 ಸೈಟು ನೋಡೋಕೆ ಹೋದವರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಮದರ್ ಡೀಡ್ ಎಲ್ಲಿ, 30 ವರ್ಷದ ಇಸಿ ಎಲ್ಲಿ, ನಡುವೆ ಒಂದು ಕೊಂಡಿ ತಪ್ಪಿದ್ದರೆ ಲಾಯರು ಫೈಲ್ ಮುಚ್ಚಿಟ್ಟು ಕನ್ನಡಕ ತೆಗೀತಾರೆ. ಮಣ್ಣು ಅಲ್ಲೇ ಇರುತ್ತೆ, ಕಣ್ಣಿಗೆ ಕಾಣುತ್ತೆ, ಕಾಲಲ್ಲಿ ತುಳಿಯಬಹುದು. ಆದರೂ ನಾವು ಕೊಳ್ಳೋದು ಕಾಗದವನ್ನೇ. ಚಿತ್ರದ ವ್ಯವಹಾರವೂ ಹಾಗೇ. ಅದಕ್ಕೇ ದೊಡ್ಡ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುವವರು ಒಂದು ಚಿತ್ರ ಕೈಗೆ ಸಿಕ್ಕಿದಾಗ ಮೊದಲು ತಿರುಗಿಸಿ ಬೆನ್ನು ನೋಡುತ್ತಾರೆ. ಗ್ಯಾಲರಿಯ ಲೇಬಲ್, ಸ್ಟಾಕ್ ನಂಬರು, ಕಸ್ಟಮ್ಸ್ ಮುದ್ರೆ, ಫ್ರೇಮ್ ಅಂಗಡಿಯ ಚೀಟಿ, ಏನೇನು ಸಿಗುತ್ತೋ ಅದನ್ನು ಹಿಡಿದುಕೊಂಡು ಪುಸ್ತಕ ಹುಡುಕುತ್ತಾರೆ.

ಇದನ್ನೆಲ್ಲ ಓದುವಾಗ ಟ್ರಂಕಿನ ನೆನಪು ಬಂದಿತ್ತು. ಬಂದು ಹೋಗಿತ್ತು. ಆಗಿದ್ದು ಆಗಿಹೋಯಿತು ಅಂತ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹೋದ ವರ್ಷ ಒಂದು ರಾತ್ರಿ ಗೆಳೆಯನ ಫೋನು. ಬೆಂಗಳೂರಿನ ಒಂದು ಗ್ಯಾಲರಿಯವರಿಗೆ ಮೇಷ್ಟ್ರ ಒಂದು ಚಿತ್ರ ಬೇಕಂತೆ. ತೇರಿನ ಮಾರನೇ ದಿನದ ಚಿತ್ರ: ಜನ ಇಲ್ಲದ ಬೀದಿ, ಬಾಳೆಹಣ್ಣಿನ ಸಿಪ್ಪೆ, ಮೂಲೆಯಲ್ಲಿ ನಿಂತ ತೇರು. ನಾನು ಡ್ರೈವ್‌ಗೆ ಹಾಕಿದ್ದ ಫೋಟೋ ನೋಡಿಯೇ ಇಷ್ಟಪಟ್ಟಿದ್ದರು. 80ರ ದಶಕದಲ್ಲಿ ಬೆಂಗಳೂರಿನಲ್ಲಿ ಪ್ರದರ್ಶನ ಆಗಿದ್ದಕ್ಕೆ, ಯಾವ ವರ್ಷ ಬರೆದದ್ದು ಅನ್ನೋದಕ್ಕೆ ಕಾಗದ ಇದ್ದರೆ ಒಂದೂವರೆ ಲಕ್ಷ, ಇಲ್ಲದಿದ್ದರೆ ಅರವತ್ತು ಸಾವಿರ. ಅಮ್ಮಾವ್ರ ಎರಡೂ ಮಂಡಿ ಆಪರೇಷನ್ ಆಗಬೇಕಿತ್ತು.

"ನೀನು ಕಂಪ್ಯೂಟರ್‌ನೋನು. ಆ ಹಳೇ ಗ್ಯಾಲರಿದು ಒಂದು ರಸೀದಿ ಥರ ಮಾಡ್ಕೊಡೋ. ಲೆಟರ್‌ಹೆಡ್ ನಂಗೆ ಇನ್ನೂ ನೆನಪೈತೆ. 1986 ಅಂತ ಹಾಕು."

"ಅದು ಸುಳ್ಳಾಗಲ್ವೇನೋ?"

"ಯಾವ್ ಸುಳ್ಳು? ಚಿತ್ರ ಅಪ್ಪಂದೇ ತಾನೆ? ರಸೀದಿ ಇತ್ತು ತಾನೆ? ಇದ್ದಿದ್ದನ್ನ ವಾಪಸ್ ಇಡೋದು, ಅಷ್ಟೆ." ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹೇಳಿದ, "ತೂಕಕ್ಕೆ ಹಾಕಿದ್ದು ನಾವೇ ಅಲ್ವೇನೋ ಮಗಾ."

ನಾವೇ ಅಂದ. ನೀನೇ ಅನ್ನಬಹುದಿತ್ತು.

ಆ ರಾತ್ರಿ ನಾನು ಲ್ಯಾಪ್‌ಟಾಪ್ ತೆರೆದಿದ್ದೆ. ಮುಚ್ಚಿಟ್ಟು ಹೇಳೋದು ಬೇಡ, ಜಿಂಪ್‌ನಲ್ಲಿ ಹಳೇ ಕಾಗದದ ಟೆಕ್ಸ್ಚರ್ ಹಾಕಿ, ಟೈಪ್‌ರೈಟರ್ ಫಾಂಟ್ ಹುಡುಕಿ, ಅರ್ಧ ರಸೀದಿ ಮಾಡಿದ್ದೆ. ಚೆನ್ನಾಗಿಯೇ ಬಂದಿತ್ತು. ರಸೀದಿ ನಂಬರಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಎಷ್ಟು ಅಂತ ಹಾಕೋದು? 112? 247?

ಆಗ ನೆನಪಾದವನು ಜಾನ್ ಡ್ರೂ. ನೋಡ್ಲರ್ ಹಗರಣ ಓದುವಾಗಲೇ ಇವನ ಬಗ್ಗೆಯೂ ಓದಿದ್ದೆ. ರೋಸಾಲೆಸ್ ಕಾಗದ ಇಲ್ಲದ ಕಡೆ ಕಥೆ ಹೇಳಿದಳು. ಲಂಡನ್ನಿನ ಈ ಮನುಷ್ಯ ಅವಳಿಗಿಂತ ಒಂದು ಹೆಜ್ಜೆ ಮುಂದೆ. ಇವನು ಕಾಗದವನ್ನೇ ತಯಾರು ಮಾಡಿ ಅದು ಇರಬೇಕಾದ ಕಪಾಟಿನಲ್ಲೇ ಇಟ್ಟು ಬಂದವನು.

ಇದು 80ರ ದಶಕದ ಕೊನೆಯಿಂದ 90ರ ದಶಕದ ನಡುವಿನವರೆಗೆ ನಡೆದದ್ದು. ಸ್ಟಾಫರ್ಡ್‌ಶೈರ್‌ನಲ್ಲಿ ಜಾನ್ ಮ್ಯಾಟ್ ಅಂತ ಒಬ್ಬ ಡ್ರಾಯಿಂಗ್ ಮೇಷ್ಟ್ರು ಇದ್ದ. ಹೌದು, ಅವನೂ ಡ್ರಾಯಿಂಗ್ ಮೇಷ್ಟ್ರೇ. ಹೆಂಡತಿ ಬಿಟ್ಟುಹೋಗಿದ್ದಳು, ಎರಡು ಸಣ್ಣ ಮಕ್ಕಳು. ಸಂಸಾರ ನಡೆಸೋಕೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: ಅಸಲಿ ನಕಲಿ ಚಿತ್ರಗಳು, 150 ಪೌಂಡಿನಿಂದ ಶುರು. ಮುಚ್ಚುಮರೆ ಇಲ್ಲದ ವ್ಯಾಪಾರ. ಅಣುವಿಜ್ಞಾನಿ ಅಂತ ಹೇಳಿಕೊಂಡು ಡ್ರೂ ಬಂದ, ಮನೆಗೆ ಅಂತ ಒಂದೊಂದೇ ಚಿತ್ರ ಬರೆಸಿಕೊಂಡ. ಒಂದು ದಿನ ಬಂದು, ನೀನು ಬರೆದ ಗ್ಲೇಜ್‌ಗೆ ಹರಾಜಿನವರು 25,000 ಪೌಂಡ್ ಬೆಲೆ ಕಟ್ಟಿದ್ದಾರೆ, ನಿನ್ನ ಪಾಲು 12,500 ಬೇಕಾ ಅಂತ ಕೇಳಿದ. ಮ್ಯಾಟ್ ತಗೊಂಡ. ಅಲ್ಲಿಂದ ಮುಂದೆ ಸುಮಾರು 200 ಚಿತ್ರ. ಜಿಯಾಕೊಮೆಟ್ಟಿ, ಬೆನ್ ನಿಕಲ್ಸನ್, ಶಗಾಲ್. ಬರೆದಿದ್ದು ಗೋಡೆಗೆ ಹಚ್ಚುವ ಎಮಲ್ಷನ್ ಪೇಂಟಿಗೆ ಕೆವೈ ಜೆಲ್ಲಿ ಕಲಸಿ. ಎಂಥಾ ಪರಿಣತರೂ ಮೊದಲು ಬಣ್ಣ ಕೆರೆದು ನೋಡಲಿಲ್ಲ. ಯಾಕಂದರೆ ಕಾಗದ ಸರಿಯಾಗಿತ್ತು.

ಕಾಗದ ಸರಿಯಾಗಿ ಇದ್ದದ್ದು ಹೇಗೆ ಅನ್ನೋದೇ ಕಥೆ. ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಆರ್ಕೈವ್‌ಗೆ ಡ್ರೂ 20,000 ಪೌಂಡ್ ದಾನ ಕೊಟ್ಟ, ಕಲಾ ದಾಖಲೆಗಳ ಬಗ್ಗೆ ಕಾಳಜಿ ಇರೋ ದೊಡ್ಡ ಮನುಷ್ಯನ ಹಾಗೆ. ದಾನಿಗೆ ಬಾಗಿಲು ತೆರೆಯಿತು. ಹ್ಯಾನೋವರ್ ಗ್ಯಾಲರಿ ಅಂತ ಒಂದು ಹಳೆಯ ಗ್ಯಾಲರಿ, 1973ರಲ್ಲಿ ಮುಚ್ಚಿದ್ದು, ಅದರ ದಾಖಲೆಗಳು ಟೇಟ್‌ನಲ್ಲಿದ್ದವು. ಆ ಗ್ಯಾಲರಿಯ ಆಲ್ಬಮ್ಮುಗಳಿಗೆ ಇವನು ಮ್ಯಾಟ್ ಬರೆದ ಚಿತ್ರಗಳ ಫೋಟೋ ಸೇರಿಸಿದ. ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಲೈಬ್ರರಿಯಲ್ಲಿ ತಾನೇ ಅಚ್ಚು ಹಾಕಿದ ಹಳೇ ಕ್ಯಾಟಲಾಗು ಇಟ್ಟ. ಆಮೇಲೆ ಚಿತ್ರ ಕೊಳ್ಳುವವರಿಗೆ, ನನ್ನ ಮಾತು ಬೇಡ, ಟೇಟ್‌ಗೆ ಹೋಗಿ ನೀವೇ ನೋಡಿ ಅನ್ನಬಹುದಾಗಿತ್ತು. ಅವರು ಹೋಗಿ ನೋಡಿದರೆ ಅಲ್ಲಿ ಇರುತ್ತಿತ್ತು!

ಲೈಬ್ರರಿಯಿಂದ ಕದ್ದುಕೊಂಡು ಹೋಗೋರನ್ನು ಹಿಡಿಯೋಕೆ ಎಲ್ಲಾ ಕಡೆ ಏರ್ಪಾಡು ಇರುತ್ತೆ. ತಂದು ಇಟ್ಟು ಹೋಗೋನು ಒಬ್ಬ ಇರ್ತಾನೆ ಅಂತ ಯಾರು ಅಂದ್ಕೋತಾರೆ?

ಸಿಕ್ಕಿಬಿದ್ದದ್ದು ಎರಡು ಕಡೆಯಿಂದ. ಪ್ಯಾರಿಸ್ಸಿನ ಜಿಯಾಕೊಮೆಟ್ಟಿ ಅಸೋಸಿಯೇಷನ್ನಿನ ಮೇರಿ ಲೀಸಾ ಪಾಮರ್‌ಗೆ ಒಂದು ನಿಂತ ಬತ್ತಲೆ ಹೆಂಗಸಿನ ಚಿತ್ರ ಸರಿಕಾಣಲಿಲ್ಲ. ಟೇಟ್‌ಗೆ ಹೋಗಿ ಆಲ್ಬಮ್ ತೆರೆದರು. ಫೋಟೋ ಅಲ್ಲಿತ್ತು. ಉಳಿದವರಾಗಿದ್ದರೆ ಸರಿ ಅಂತ ವಾಪಸ್ ಬರುತ್ತಿದ್ದರು. ಆಕೆಗೆ ಫೋಟೋ ಮೇಲೇ ಅನುಮಾನ ಬಂತು. ಇನ್ನೊಂದು ಕಡೆ, ಡ್ರೂ ಜೊತೆ ಬಾಳಿ ಬೇರೆಯಾಗಿದ್ದ ಹೆಂಗಸು ಅವನು ಬಿಟ್ಟುಹೋದ ಕಾಗದಗಳನ್ನು 1995ರಲ್ಲಿ ಪೊಲೀಸರಿಗೆ ಕೊಟ್ಟಳು. ಕಾಗದದಿಂದ ಮೋಸ ಮಾಡಿದವನನ್ನು ಹಿಡಿಸಿದ್ದೂ ಕಾಗದವೇ. 1999ರಲ್ಲಿ ಡ್ರೂಗೆ ಆರು ವರ್ಷ, ಮ್ಯಾಟ್‌ಗೆ ಒಂದು ವರ್ಷ ಶಿಕ್ಷೆಯಾಯಿತು. ಮ್ಯಾಟ್ ನಾಲ್ಕು ತಿಂಗಳಿಗೆ ಹೊರಬಂದ. ಅವನನ್ನು ಹಿಡಿದ ಪೊಲೀಸ್ ಅಧಿಕಾರಿಯೇ ತನ್ನ ಸಂಸಾರದ ಚಿತ್ರ ಬರೆಸಿಕೊಂಡರಂತೆ. ಈಗ ಹೆಸರು ಹೇಳಿಕೊಂಡೇ ನಕಲಿ ಬರೆದು ಮಾರುತ್ತಾನೆ. ಇರ್ಲಿ ಬಿಡಿ, ನನಗೆ ಅವನ ಮೇಲೆ ಸಿಟ್ಟಿಲ್ಲ.

ನನ್ನ ತಲೆಯಲ್ಲಿ ಕೂತದ್ದು ಆ ಆಲ್ಬಮ್ಮು. ಮ್ಯಾಟ್ ಬರೆದ ಚಿತ್ರಗಳನ್ನು ಹುಡುಕಿ ಗೋಡೆಯಿಂದ ಇಳಿಸಬಹುದು, ಸುಮಾರು 80 ಸಿಕ್ಕವು ಕೂಡ. ಆಲ್ಬಮ್ಮಿನಲ್ಲಿ ಯಾವ ಫೋಟೋ ಮೊದಲಿಂದ ಇದ್ದದ್ದು, ಯಾವುದು ಇವನು ಅಂಟಿಸಿದ್ದು ಅಂತ ಬೇರೆ ಮಾಡೋದು ಹೇಗೆ? ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರೋ ಭಯ. ಸರ್ವರ್ ಹ್ಯಾಕ್ ಆದರೆ ಲಾಗ್ ನೋಡಿ ಏನಾಯಿತು ಅಂತ ತಿಳೀಬಹುದು. ಲಾಗನ್ನೇ ಒಂದು ಸಲ ಯಾರೋ ತಿದ್ದಿದ್ದಾರೆ ಅಂತ ಗೊತ್ತಾದರೆ, ಅದರಲ್ಲಿರೋ ನಿಜವಾದ ಸಾಲುಗಳೂ ಕೆಲಸಕ್ಕೆ ಬರಲ್ಲ. ಹ್ಯಾನೋವರ್ ಗ್ಯಾಲರಿಯ ಗುಮಾಸ್ತ ಪ್ರಾಮಾಣಿಕವಾಗಿ ಅಂಟಿಸಿದ ಫೋಟೋ ಕೂಡ ಈಗ ಕಟಕಟೆಯಲ್ಲಿ ನಿಲ್ಲಬೇಕು.

ನಾನು 112 ಅಂತ ಹಾಕಿದೆ ಅನ್ಕೊಳ್ಳಿ. ಆ ಗ್ಯಾಲರಿಯ ನಿಜವಾದ 112ನೇ ರಸೀದಿ ಇವತ್ತಲ್ಲ ನಾಳೆ ಯಾರ ಮನೆಯ ಬೀರುವಿನಿಂದಲೋ ಹೊರಗೆ ಬರಬಹುದು. ಮೇಷ್ಟ್ರೇ ಯಾರಿಗೋ ಮಾರಿದ ಚಿತ್ರದ ಬೆನ್ನಿಗೆ ಅಂಟಿಕೊಂಡಿರಬಹುದು. ಆಗ ಎರಡರಲ್ಲಿ ಯಾವುದು ಸುಳ್ಳು ಅಂತಾರೆ? ನನ್ನದು ನೋಡೋಕೆ ಅಚ್ಚುಕಟ್ಟಾಗಿರುತ್ತೆ. ಮೇಷ್ಟ್ರದ್ದಕ್ಕೆ ಗೆದ್ದಲು ಹಿಡಿದಿರುತ್ತೆ.

ಫೈಲ್ ಡಿಲೀಟ್ ಮಾಡಿದೆ. ಆದರೆ ಗೆಳೆಯನಿಗೆ ಫೋನ್ ಮಾಡಿ ಆಗಲ್ಲ ಅನ್ನೋದಕ್ಕೆ ಮೂರು ದಿನ ಬೇಕಾಯಿತು. ಕಾಗದ ಕಳೆದವನು ನಾನು, ಈಗ ನ್ಯಾಯ ಹೇಳ್ತಿರೋನೂ ನಾನು. ಅವನು ಬೈಯಲಿಲ್ಲ. "ಸರಿ ಬಿಡು" ಅಂದ. ಬೈದಿದ್ದರೆ ವಾಸಿಯಿತ್ತು.

ಆ ಮೂರು ದಿನದಲ್ಲಿ ಇನ್ನೊಂದು ಲೆಕ್ಕದ ಪುಸ್ತಕದ ಬಗ್ಗೆ ಓದಿದೆ. ವಿನ್ಸೆಂಟ್ ವಾನ್ ಗೋ ಸತ್ತ ಆರು ತಿಂಗಳಿಗೆ, 1891ರ ಜನವರಿಯಲ್ಲಿ, ತಮ್ಮ ಥಿಯೋನೂ ಸತ್ತ. ಥಿಯೋನ ಹೆಂಡತಿ ಯೋಗೆ ಆಗ 28 ವರ್ಷ, ಮಗುವಿಗೆ ಇನ್ನೂ ಒಂದು ತುಂಬಿರಲಿಲ್ಲ. ಅವಳ ಪಾಲಿಗೆ ಬಂದದ್ದು ಯಾರಿಗೂ ಬೇಡದ ಚಿತ್ರಗಳ ರಾಶಿ ಮತ್ತು ಪತ್ರಗಳ ಕಟ್ಟು. ಚಿತ್ರಗಳನ್ನು ಕಳೆದುಬಿಡು ಅಂದವರೂ ಇದ್ದರಂತೆ. ಅವಳು ಹಾಲೆಂಡಿಗೆ ವಾಪಸ್ ಹೋಗಿ ಒಂದು ಬೋರ್ಡಿಂಗ್ ಹೌಸ್ ನಡೆಸಿದಳು. ಮದುವೆಯಾದ ಹೊಸತರಲ್ಲಿ ಥಿಯೋ ಮನೆಖರ್ಚು ಬರೆಯಲು ಒಂದು ಪುಸ್ತಕ ಶುರುಮಾಡಿದ್ದ. ಅದೇ ಪುಸ್ತಕದಲ್ಲಿ ಅವಳು ಲೆಕ್ಕ ಮುಂದುವರಿಸಿದಳು. ಮನೆಖರ್ಚು ಬರೆದ ಪುಸ್ತಕದಲ್ಲೇ ವಿನ್ಸೆಂಟನ ಚಿತ್ರ ಮಾರಿದ ಲೆಕ್ಕ. ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿ 1914ರಲ್ಲಿ ಅಚ್ಚು ಹಾಕಿಸಿದಳು. ವಾನ್ ಗೋನ ಯಾವ ಚಿತ್ರ ಯಾವತ್ತು ಯಾರಿಗೆ ಹೋಯಿತು ಅಂತ ಇವತ್ತು ಹೇಳೋಕೆ ಬರೋದಿದ್ದರೆ ಅದರಲ್ಲಿ ಆ ಮನೆವಾರ್ತೆ ಪುಸ್ತಕದ ಪಾಲು ದೊಡ್ಡದು. 2002ರಲ್ಲಿ ಆ ಲೆಕ್ಕದ ಪುಸ್ತಕವೇ ಪುಸ್ತಕವಾಗಿ ಬಂತು.

ಹಾಲಿನ ಲೆಕ್ಕ, ಚಿತ್ರದ ಲೆಕ್ಕ, ಮತ್ತೆ ಹಾಲು. ಕೆಂಪು ರಟ್ಟಿನ ಪುಸ್ತಕ ಕಣ್ಣಮುಂದೆ ಬಂತು.

ನಮ್ಮಲ್ಲಿ ಇಂಥ ಕೆಲಸ ಯಾರೂ ಮಾಡಿಲ್ಲ ಅಂತಲ್ಲ. 2000ದಲ್ಲಿ ಹಾಂಗ್‌ಕಾಂಗಿನಲ್ಲಿ ಶುರುವಾದ ಏಷ್ಯಾ ಆರ್ಟ್ ಆರ್ಕೈವ್‌ನವರು ದೆಹಲಿಯಲ್ಲಿ ವಿಮರ್ಶಕಿ ಗೀತಾ ಕಪೂರ್, ಕಲಾವಿದ ವಿವಾನ್ ಸುಂದರಂ ಅವರ ಮನೆಯ ಕಾಗದಪತ್ರವನ್ನೆಲ್ಲ ಸ್ಕ್ಯಾನ್ ಮಾಡಿ ಯಾರು ಬೇಕಾದರೂ ನೋಡುವ ಹಾಗೆ ಇಟ್ಟಿದ್ದಾರೆ. ಬರೋಡಾದ ಕಲಾವಿದರದ್ದೂ ಇದೆ. ನಮ್ಮ ಮೈಸೂರಿನ ಕೆ. ವೆಂಕಟಪ್ಪ ಡೈರಿ ಬರೆಯುತ್ತಿದ್ದರು. ಅದು ಉಳಿದಿದ್ದರಿಂದಲೇ ಆ ಮನುಷ್ಯನ ಹಟ, ಲೆಕ್ಕಾಚಾರ, ಸಿಟ್ಟು ಎಲ್ಲಾ ಇತಿಹಾಸ ಬರೆಯುವವರಿಗೆ ಸಿಕ್ಕಿತು. ಆದರೆ ಇವರೆಲ್ಲ ಹೆಸರು ಮಾಡಿದವರು. ತಾಲೂಕಿನ ಡ್ರಾಯಿಂಗ್ ಮೇಷ್ಟ್ರ ಟ್ರಂಕಿಗೆ ಬರೋನು ಟಿವಿಎಸ್‌ನವನು ಮಾತ್ರ. ಇನ್ನು ಈಗಿನವರದ್ದು ಕೇಳಲೇಬೇಡಿ. ಒಬ್ಬ ಕಲಾವಿದೆ ಗೆಳತಿ ತನ್ನ ಚಿತ್ರಗಳ ಮಾರಾಟವನ್ನೆಲ್ಲ ವಾಟ್ಸಾಪಿನಲ್ಲೇ ಮಾಡ್ತಾಳೆ. ಫೋನ್ ಬದಲಾಯಿಸಿದಾಗ ಬ್ಯಾಕಪ್ ಇರಲಿಲ್ಲ, ನಾಲ್ಕು ವರ್ಷದ ಲೆಕ್ಕ ಹೋಯಿತು. ರದ್ದಿಯವನು ಕೊಡೋ ಹಾಗೆ 370 ರೂಪಾಯಿಯೂ ಸಿಗಲಿಲ್ಲ.

ಶನಿವಾರ ಊರಿಗೆ ಹೋದೆ. ಅಮ್ಮಾವ್ರು ಜಗಲಿ ಮೇಲೆ ಕಾಲು ಚಾಚಿ ಕೂತಿದ್ದರು. ಗೆಳೆಯ ಚಿತ್ರ ತಂದು ಗೋಡೆಗೆ ಒರಗಿಸಿದ. ಈ ಸಲ ನಾನು ಮೊದಲು ತಿರುಗಿಸಿದೆ. ಹೊಸ ಹಾರ್ಡ್‌ಬೋರ್ಡು. ಮನೆ ರಿಪೇರಿ ಆದಮೇಲೆ ಹೊಸದಾಗಿ ಫ್ರೇಮ್ ಹಾಕಿಸಿದ್ದರಂತೆ, ಹಳೇ ಹಲಗೆ ಅಲ್ಲೇ ಅಂಗಡಿಯಲ್ಲಿ ಉಳಿಯಿತು. ಮೊಳೆ ಬಿಚ್ಚಿ ನೋಡಿದೆವು. ಕ್ಯಾನ್ವಾಸಿನ ಹಿಂದೆ, ಮರದ ಪಟ್ಟಿಯ ಮೇಲೆ, ಪೆನ್ಸಿಲಿನಲ್ಲಿ ಮೇಷ್ಟ್ರ ಕೈಬರಹ: "ತೇರು 3", ಅಷ್ಟೆ.

"ಅಮ್ಮಾವ್ರೆ, ಇದು ಬೆಂಗಳೂರಿಗೆ ಹೋಗಿತ್ತಾ?" ಅಂತ ಕೇಳಿದೆ.

"ಹೋಗಿತ್ತು, ಹೋಗಿ ಹಂಗೇ ವಾಪಸ್ ಬಂತು."

"86ರಲ್ಲಿ ಅಲ್ವಾ?"

"86ರಲ್ಲಿ ಎಲ್ಲಿ? ಇವನು ಹುಟ್ಟಿ ನಾಮಕರಣ ಆಗಿತ್ತು. ತೊಟ್ಟಿಲು ಪಕ್ಕದಲ್ಲೇ ಬಣ್ಣ ಹಚ್ತಾ ಕೂರೋರು, ವಾಸನೆ ಅಂತ ನಾನು ಜಗಳ ತೆಗೀತಿದ್ದೆ." ಗೆಳೆಯ ಹುಟ್ಟಿದ್ದು 1988ರಲ್ಲಿ.

"ಆ ಗ್ಯಾಲರಿಗೇ ಕಳಿಸಿದ್ದು ತಾನೆ?" ಅಂತ ಅವನು ಕೇಳಿದ.

"ಅಲ್ಲ ಕಣೋ, ಆ ಗ್ಯಾಲರಿಯೋರು ಇದನ್ನ ಬೇಡ ಅಂದ್ರು. ಜನವೇ ಇಲ್ಲ, ಯಾರು ತಗೋತಾರೆ ಅಂದ್ರಂತೆ. ನಿಮ್ಮಪ್ಪಂಗೆ ಎಂಥಾ ಸಿಟ್ಟು ಬಂದಿತ್ತು! ಆಮೇಲೆ ಮೇಷ್ಟ್ರುಗಳೆಲ್ಲ ಸೇರ್ಕೊಂಡು ಒಂದು ಹಾಲ್‌ನಲ್ಲಿ ಮೂರು ದಿನ ಇಟ್ಟಿದ್ರು. ಅಲ್ಲಿಗೆ ಹೋಗಿದ್ದು ಇದು."

ನಾನೂ ಅವನೂ ಮುಖ ಮುಖ ನೋಡಿಕೊಂಡೆವು. ಇದ್ದಿದ್ದನ್ನೇ ವಾಪಸ್ ಇಡೋದು ಅಂದುಕೊಂಡು ನಾವು ಮಾಡಲಿದ್ದ ರಸೀದಿ ಯಾವತ್ತೂ ಇರಲೇ ಇಲ್ಲ. ವರ್ಷ ತಪ್ಪು, ಗ್ಯಾಲರಿ ತಪ್ಪು. ಇದೇ ಚಿತ್ರವನ್ನು ಬೇಡ ಅಂದವರ ಲೆಟರ್‌ಹೆಡ್ಡಿನಲ್ಲಿ ಇದನ್ನು ತೂಗುಹಾಕಲಿದ್ದೆವು.

ಸಂಜೆವರೆಗೂ ಅಮ್ಮಾವ್ರು ಮಾತಾಡಿದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. 23 ಚಿತ್ರಗಳಲ್ಲಿ 14ಕ್ಕೆ ಅವರ ಹತ್ತಿರ ಏನೋ ಒಂದು ಹೇಳೋದಿತ್ತು. ಉಳಿದ ಒಂಬತ್ತಕ್ಕೆ "ನಂಗೊತ್ತಿಲ್ಲಪ್ಪ" ಅಂದರು, ಹಾಗೇ ಬರೆದುಕೊಂಡೆ. ಎಲ್ಲವುಗಳ ಬೆನ್ನಿನ ಫೋಟೋ ತೆಗೆದೆ. ಗ್ಯಾಲರಿಯವರಿಗೆ ಅಂತ ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದು ಇವತ್ತಿನ ತಾರೀಖು ಹಾಕಿ ಸಹಿ ಮಾಡಿದೆ. ಈ ಚಿತ್ರದ ಬಗ್ಗೆ ಕಲಾವಿದರ ಹೆಂಡತಿ ಹೇಳಿದ್ದು ಇಷ್ಟು, ದಾಖಲೆಗಳು ಇದ್ದವು, ಅವನ್ನು ಇಂಥ ವರ್ಷದಲ್ಲಿ ನಾನೇ ತೂಕಕ್ಕೆ ಹಾಕಿದೆ ಅಂತ. ಅವರು ಓದಿ ಕೊನೆಗೆ ಎಪ್ಪತ್ತು ಸಾವಿರಕ್ಕೆ ತಗೊಂಡರು. ಹಾಳೆಯನ್ನೂ ಇಟ್ಟುಕೊಂಡರು. ಒಂದು ಮಂಡಿ ಆಪರೇಷನ್ ಆಗಿದೆ. ಇನ್ನೊಂದಕ್ಕೆ ಅರ್ಧ ನಾನು ಕೊಡ್ತೀನಿ ಅಂದಿದ್ದೀನಿ, ಗೆಳೆಯ ಇನ್ನೂ ಹೂಂ ಅಂದಿಲ್ಲ.

ಆವತ್ತು ಹೊರಡೋ ಮುಂಚೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ಕೆಂಪು ರಟ್ಟಿನ ಒಂದು ಲೆಕ್ಕದ ಪುಸ್ತಕ ತಂದೆ. ಈಗಲೂ ಸಿಗುತ್ತೆ, 140 ರೂಪಾಯಿ. ಮೊದಲನೇ ಹಾಳೆಯಲ್ಲಿ "ತೇರು 3" ಅಂತ ಬರೆದು, ಕೆಳಗೆ ಅಮ್ಮಾವ್ರು ಹೇಳಿದ್ದನ್ನೆಲ್ಲ ಬರೆದು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು.

"ವಾಪಸ್ ಬರೋವಾಗ ಲಾರಿಗೆ ಹಾಕ್ಸಿದ್ವಿ, ಬಾಡಿಗೆ 35 ರೂಪಾಯಿ ನಾನೇ ಕೊಟ್ಟಿದ್ದು, ಹಾಲಿನ ದುಡ್ಡಲ್ಲಿ. ಅದನ್ನ ಬರ್ದೇ ಇಲ್ವಲ್ಲೋ" ಅಂದರು.

ಬರೆದೆ.